ಬಣ್ಣದ ಮಾಮ ಕೇಳಿದ್ದು

ಹೋದ ಭಾನುವಾರ ಬೇಲೂರಿನಲ್ಲಿ ನಮ್ಮ ನಾಟಕದ ಮಕ್ಕಳು ಮುಖಕ್ಕೆ ಹಚ್ಚುವ ಬಿಳಿ ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಫೋನ್ ಬಂದ ನೆಪ ಮಾಡಿ ಹೊರಗೆ ಬಂದೆ. ಕಾಲೇಜು ಓದುವ ಮಕ್ಕಳು ಅವರು. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಪ್ರೀತಿಸಿದ್ದಕ್ಕೆ ಪೆಟ್ಟು ತಿಂದವರ, ಊರು ಬಿಟ್ಟವರ ನಾಟಕವನ್ನೇ ಮಾಡಬೇಕೆಂದು ಹಟ ಹಿಡಿದಿದ್ದರು. ನಮ್ಮ ಕಡೆಯ ಕತೆ ಕೊಡಿ ಮಿಸ್ ಎಂದಾಗ ಬಣ್ಣದ ಮಾಮನ ಕತೆ ಕೊಟ್ಟೆ. ಪೂರ್ತಿ ಕೊಡಲಿಲ್ಲ.

ನಮ್ಮೂರು ಗಂಡಸಿಯಲ್ಲಿ ನಮ್ಮ ಮನೆಯಿಂದ ಮೂರನೆಯದು ಮಾಮನ ಮನೆ. ಕೆಲಸ ಟೈಲರಿಂಗು. ನಾಟಕ ಬಂತೆಂದರೆ ಸುತ್ತಲ ಹಳ್ಳಿಗಳಿಗೆಲ್ಲ ಅವರೇ ಬಣ್ಣ ಹಚ್ಚಬೇಕು, ರಾಣಿ ಪಾತ್ರವನ್ನೂ ಅವರೇ ಕಟ್ಟಬೇಕು. ನಮ್ಮ ಹೈಸ್ಕೂಲು ಮಕ್ಕಳಿಗೆ ನಾಟಕ ಕಲಿಸಿದವರೂ ಅವರೇ. ಬಣ್ಣ ಮುಗಿಯುವ ತನಕ ಯಾರಿಗೂ ಕನ್ನಡಿ ಕೊಡುತ್ತಿರಲಿಲ್ಲ. ಹಣೆಗೆ ಬೊಟ್ಟಿಟ್ಟ ಮೇಲೆ ತಾವೇ ಕನ್ನಡಿ ಹಿಡಿದು, "ಈಗ ನೋಡ್ಕಳವ್ವ. ಇನ್ಮ್ಯಾಕೆ ನಿನ್ನ ಹಳೇ ಹೆಸರು ಯಾರೂ ಕರೆಯಂಗಿಲ್ಲ" ಎನ್ನುತ್ತಿದ್ದರು. ಅವರ ಜೊತೆ ಇನ್ನೊಬ್ಬರಿದ್ದರು, ಕೊಬ್ಬರಿ ಮಂಡಿಯಲ್ಲಿ ದುಡಿಯುತ್ತಿದ್ದ ಗೆಳೆಯ. ಕೇಳಿದವರಿಗೆ ದೂರದ ನೆಂಟ ಎಂಬ ಉತ್ತರ. ಊರಿಗೂ ಅಷ್ಟು ಸಾಕಾಗಿತ್ತು...

ನಾನಾಗ ಒಂಬತ್ತನೇ ಕ್ಲಾಸು. ನಾಟಕಕ್ಕೆ ಎರಡೇ ದಿನವಿತ್ತು. ಜಡೆಗೆ ಸೇರಿಸುವ ಸವರಿ ಕೂದಲು ತರಲು ಬೆಳಿಗ್ಗೆ ಮಾಮನ ಮನೆಗೆ ಹೋದರೆ ಬಾಗಿಲು ಅರ್ಧ ತೆರೆದಿತ್ತು. ಗೆಳೆಯ ಮಾಮನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದರು. ಮಾಮ ಬಗ್ಗಿ ಅವರಿಗೆ ಮುತ್ತಿಟ್ಟರು. ನಾನು ಬಂದ ಕೆಲಸ ಮರೆತು ಓಡಿ ಬಂದು ಅಡುಗೆಮನೆಯಲ್ಲಿ ನಗುನಗುತ್ತಾ ಹೇಳಿಬಿಟ್ಟೆ. ನನ್ನ ಬಾಯಿ ಆಗಲೂ ಹೀಗೇ, ಒಂದು ಗಳಿಗೆ ಸುಮ್ಮನಿರುವುದಲ್ಲ. ಮನೆಯಲ್ಲಿ ಯಾರೂ ನಗಲಿಲ್ಲ. ಚಿಕ್ಕಪ್ಪ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದರು.

ಮಧ್ಯಾಹ್ನದ ಹೊತ್ತಿಗೆ ಮಾಮನ ಹೊಲಿಗೆ ಮಿಷನ್ನು ಬೀದಿಯಲ್ಲಿ ಬಿದ್ದಿತ್ತು. ಗೆಳೆಯನನ್ನು ಅವರ ಅಣ್ಣಂದಿರೇ ಬಂದು ಹೊಡೆದು ಎಳೆದುಕೊಂಡು ಹೋದರು. ಮಾಮನಿಗೆ ಊರವರು ರಾಣಿಯ ಸೀರೆ ಸುತ್ತಿ ಬಸ್ ಸ್ಟ್ಯಾಂಡಿನವರೆಗೆ ನಡೆಸಿದರು. ಹಿಂದೆ ಸಿಳ್ಳೆ, ಕೇಕೆ. ನನ್ನ ಎದುರಿಗೆ ಬಂದಾಗ ಮಾಮ ನಿಂತರು. ತುಟಿ ಒಡೆದಿತ್ತು.

"ನೀನ್ ಹೇಳ್ದೇನವ್ವಾ?"

"ಇಲ್ಲ ಮಾಮ."

"ಸರಿ ಬುಡು. ಮೊದ್ಲು ಎಣ್ಣೆ, ಆಮ್ಯಾಕೆ ಬಿಳಿ. ಮರೀಬ್ಯಾಡಿ" ಎಂದರು.

ಅರಸೀಕೆರೆ ಬಸ್ಸಿಗೆ ಅವರನ್ನು ದಬ್ಬಿದರು. ಅಲ್ಲಿಂದ ಯಾವ ರೈಲು ಹತ್ತಿದರೋ, ಹತ್ತಲೇ ಇಲ್ಲವೋ... ಯಾರೂ ವಿಚಾರಿಸಲಿಲ್ಲ.

ನಾಟಕ ಮಾತ್ರ ನಿಲ್ಲಲಿಲ್ಲ. ನಾವೇ ಬಣ್ಣ ಹಚ್ಚಿಕೊಂಡೆವು. ಗಾಬರಿಯಲ್ಲಿ ಎಣ್ಣೆ ಮರೆತು ಪುಡಿಯನ್ನು ನೀರಲ್ಲಿ ಕಲಸಿ ಬಳಿದುಕೊಂಡಿದ್ದೆವು. ಮೊದಲ ದೃಶ್ಯಕ್ಕೇ ಒಣಗಿ ಬಿರುಕು ಬಿಟ್ಟು, ಅಷ್ಟೂ ಮಕ್ಕಳ ಮುಖ ಹೆಣದ ಮುಖದಂತೆ ಕಂಡಿತು. ಮುಂದಿನ ಸಾಲಿನಲ್ಲಿ ಕೂತು ಚಿಕ್ಕಪ್ಪ ಚಪ್ಪಾಳೆ ತಟ್ಟಿದರು. ಇಂದಿಗೂ ಅರಸೀಕೆರೆ ಸ್ಟೇಷನ್ನಿನಲ್ಲಿ ಇಳಿದಾಗ ವಯಸ್ಸಾದ ಗಂಡಸರ ಮುಖ ನೋಡುತ್ತೇನೆ. ಸಿಕ್ಕಿಬಿಟ್ಟರೆ ಎಂಬ ಭಯದಲ್ಲೇ ಹುಡುಕುತ್ತೇನೆ.

ಭಾನುವಾರ ನಾನು ಒಳಗೆ ಬರುವಾಗ ಮಕ್ಕಳು ಜಗಳವಾಡುತ್ತಿದ್ದರು. ಊರಿಗೆ ಸುದ್ದಿ ಮುಟ್ಟಿಸುವ ಪಾತ್ರ ಯಾರಿಗೂ ಬೇಡ. "ಆ ಸೀನೇ ತೆಗೆದುಬಿಡೋಣ ಮಿಸ್. ಹೇಳಿದ್ದು ಯಾರು ಅಂತ ನಿಮಗೂ ಗೊತ್ತಿಲ್ವಲ್ಲ" ಎಂದಳು ಬಿಕ್ಕೋಡಿನ ಹುಡುಗಿ.

"ಗೊತ್ತು ಕಣೇ. ನಾನೇ ಹೇಳಿದ್ದು."

ಮಾಮನ ಪಾತ್ರದ ಹುಡುಗ ಎದ್ದು ಹೊರಗೆ ಹೋದ. ಚಿಕ್ಕವಳಿದ್ರಿ ಬಿಡಿ ಮಿಸ್ ಎಂದು ಯಾರಾದರೂ ಅನ್ನಬಹುದು ಎಂದು ಕಾದೆ. ಬಿಕ್ಕೋಡಿನ ಹುಡುಗಿ ತಲೆಯೆತ್ತದೆ ಕೇಳಿದಳು, "ಅವರಿಗೆ ಗೊತ್ತಿತ್ತಾ?"

"ಇಲ್ಲ" ಎಂದೆ. ಮಾಮ ನನ್ನನ್ನು ಕೇಳಿದ್ದನ್ನು ಮಾತ್ರ ಹೇಳಲಿಲ್ಲ. "ನನ್ನನ್ನು ನಂಬಿಕೊಂಡೇ ಹೋದರು."