ಮಾಮ ಮಾಡಿದ ರಿಂಗು

ನಾನು ಬ್ಯಾಸ್ಕೆಟ್‌ಬಾಲ್ ಕಲಿತದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ, ಪಕ್ಕದ ಮನೆಯ ವೆಲ್ಡರ್ ಮಾಮ ಕಬ್ಬಿಣದ ಸರಳು ಬಗ್ಗಿಸಿ ಮಾಡಿಕೊಟ್ಟ ರಿಂಗಿನಲ್ಲಿ. ಅದಕ್ಕೆ ಚೆಂಡು ಹಾಕುವುದೆಂದರೆ ಪ್ರಾಣ ಹೋಗುತ್ತಿತ್ತು. ಒಂಚೂರು ಓರೆಯಾದರೂ ಉಗಿದುಬಿಡುತ್ತಿತ್ತು. ಮೊದಲ ಸಲ ಹೊರಗಿನ ಟೂರ್ನಮೆಂಟಿಗೆ ಹೋದಾಗ ಅಲ್ಲಿನ ರಿಂಗು ಬಾವಿಯ ಬಾಯಿಯಂತೆ ಕಂಡಿತು. ಎಸೆದದ್ದೆಲ್ಲ ಒಳಗೆ ಬಿತ್ತು. ಆ ಆಟವೇ ನನಗೆ ಕೆಲಸ ಕೊಟ್ಟಿತು, ಹದಿನಾಲ್ಕು ವರ್ಷ ಊರೂರು ಸುತ್ತಿಸಿತು. ಎಲ್ಲ ನನ್ನ ಕೈಗುಣ ಎಂದೇ ಬೀಗುತ್ತಿದ್ದೆ.

ಮಂಡಿ ಸವೆದು ಆಟ ಬಿಟ್ಟ ಮೇಲೆ ಈಗ ಶಿವಮೊಗ್ಗದ ರವೀಂದ್ರನಗರದಲ್ಲಿ ಹುಡುಗಿಯರಿಗೆ ಕಲಿಸುತ್ತೇನೆ. ಮೊನ್ನೆ ಭದ್ರಾವತಿಗೆ ಹೋದವಳು ಸುಮ್ಮನೆ ಆ ಹಳೇ ರಿಂಗಿಗೆ ಟೇಪು ಹಿಡಿದೆ. ಒಳಗಿನ ಅಗಲ ನಿಯಮದ ಅಳತೆಗಿಂತ ಕಡಿಮೆಯಿತ್ತು. ಸರಳಿನ ದಪ್ಪವನ್ನೂ ಸೇರಿಸಿದರೆ ಮಾತ್ರ ಅಳತೆ ಸರಿಹೋಗುತ್ತಿತ್ತು. ಮಾಮ ಹೊರಗಿನಿಂದ ಅಳೆದಿದ್ದರು! ಇನ್ನೊಮ್ಮೆ ಅಳೆದೆ, ಅಷ್ಟೇ ಬಂತು. ನನ್ನ ಇಡೀ ಆಟ ಆ ಎರಡು ಬೆರಳಿನಷ್ಟು ತಪ್ಪಿನಲ್ಲಿ ಹುಟ್ಟಿತ್ತು.

ಮಾಮ ಈಗಿರುವ ಓಲ್ಡ್ ಟೌನಿನ ಮನೆಗೆ ಹೋಗಿ ಹೇಳಿದೆ. ಅವರ ಮುಖ ಸಪ್ಪಗಾಯಿತು.

“ಛೇ, ಎಂಥ ಕೆಲ್ಸ ಮಾಡ್ಬಿಟ್ಟೆ ಮಾರಾಯ್ತಿ! ಬಿಚ್ಕೊಂಡು ಬಾ, ಸರಿ ಮಾಡ್ಕೊಡ್ತೀನಿ.”

“ಅದನ್ನ ಮುಟ್ಟಬೇಡಿ ಮಾಮ,” ಎಂದೆ. “ನಮ್ಮ ಹುಡುಗೀರಿಗೆ ಇನ್ನೊಂದು ಬೇಕು. ಹೊರಗಿಂದಾನೇ ಅಳೀರಿ.”