ಮೆಟ್ಟಿಲ ಮೇಲಿನ ಸಾಕ್ಷಿ

ಅವರ ಎಡಗೈ ಉಗುರುಗಳು ಮೋಟು, ಬಲಗೈಯವು ಉದ್ದ. ಬಲ ಹೆಬ್ಬೆರಳಿನ ಉಗುರಿಗೆ ಮಾತ್ರ ಬಣ್ಣವಿಲ್ಲದ ನೈಲ್ ಪಾಲಿಶ್ ಹಚ್ಚಿಕೊಂಡು, ಆರುವ ತನಕ ಊದುತ್ತಾ ಕೂರುತ್ತಿದ್ದರು. ಆ ಉಗುರು ಮುರಿದರೆ ಗಿಟಾರ್ ಇಲ್ಲ, ಗಿಟಾರ್ ಇಲ್ಲದಿದ್ದರೆ ಅನ್ನ ಇಲ್ಲ. ಜರ್ಮನಿಯ ರೇಗನ್ಸ್‌ಬರ್ಗ್‌ನಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದ ಈ ಮೆಕ್ಸಿಕೋದ ಹಾಡುಗಾರರು ಮದುವೆ, ಹುಟ್ಟುಹಬ್ಬಗಳಲ್ಲಿ ಹಾಡಿಯೇ ಮುದುಕರಾದವರು.

ನಾನೊಮ್ಮೆ ಕೋಳಿ ಸುಕ್ಕಕ್ಕೆ ಬ್ಯಾಡಗಿ ಮೆಣಸು ಹುರಿಯುವಾಗ ಕಟ್ಟಡವೆಲ್ಲ ಕೆಮ್ಮಿತು. ಇವರು ಬಂದು ಬಾಗಿಲು ಬಡಿದರು. ಬೈಯಲು ಬಂದರೆಂದುಕೊಂಡರೆ, ಒಳಗೆ ನುಗ್ಗಿ ಬಾಣಲೆ ನೋಡಿ, "ಇಳಿಸಬೇಡ, ಇನ್ನೂ ಸ್ವಲ್ಪ ಹುರಿ" ಎಂದರು. ಅಂದಿನಿಂದ ಪ್ರತಿ ಭಾನುವಾರ ನನಗೂ ನನ್ನ ಜೊತೆಗೇ ಇದ್ದ ಉಡುಪಿಯ ಗೆಳೆಯನಿಗೂ ಅವರ ಮನೆಯಲ್ಲೇ ಊಟ. ಮಾತು ಜರ್ಮನ್‌ನಲ್ಲಿ, ನಾವು ಅವರನ್ನು ಕರೆಯುವುದು ಮಾತ್ರ "ಮಾವ" ಎಂದು. ನಾವಿಬ್ಬರು ಕನ್ನಡದಲ್ಲಿ ಕಚ್ಚಾಡುವುದನ್ನು ಕೇಳುವುದೆಂದರೆ ಅವರಿಗೆ ಎಲ್ಲಿಲ್ಲದ ಖುಷಿ.

ಅವರ ಅಜ್ಜ ನೂರು ವರ್ಷದ ಹಿಂದೆ ಗಡಿ ದಾಟಿ ಅಮೆರಿಕಕ್ಕೆ ಹೋಗಿ, ಡೇರೆ ಹಾಕಿ ಹಾಡಿ ಕುಣಿದವನಂತೆ. ತೋಟದ ಕೂಲಿಗಳನ್ನು ಹೊಡೆಯುತ್ತಿದ್ದ ಮೇಸ್ತ್ರಿಯ ಮೇಲೆ ಹಾಡು ಕಟ್ಟಿದ್ದಕ್ಕೆ ಕಳ್ಳತನದ ಕೇಸು ಹಾಕಿ ಜೈಲಿಗೆ ತಳ್ಳಿದರು. "ಪೊಲೀಸರು ಸುಳ್ಳು ಹೇಳಿದರೆಂದು ಅಜ್ಜ ಅಳಲಿಲ್ಲ" ಎನ್ನುತ್ತಿದ್ದರು ಮಾವ. "ಸಾಕ್ಷಿ ಹೇಳಿದ್ದು ಅವನದೇ ತಂಡದ ಪಿಟೀಲಿನವನು. ಅದಕ್ಕೆ ಅತ್ತ."

ಎರಡು ಚಳಿಗಾಲದ ಹಿಂದೆ ನಮ್ಮ ಕಟ್ಟಡದ ಹೀಟರ್ ಕೆಟ್ಟಿತು. ಮಾಲೀಕ ಯಾರ ಫೋನೂ ಎತ್ತಲಿಲ್ಲ. ಮಾವನಿಗೆ ಅಜ್ಜನ ಚಾಳಿ ಬಿಡಬೇಕಲ್ಲ! ಮಾಲೀಕನ ಮೇಲೊಂದು ಹಾಡು ಕಟ್ಟಿ, ಕಂಬಳಿ ಹೊದ್ದು ಅಂಗಳದಲ್ಲಿ ನಿಂತು ಹಾಡಿದರು. ಕಿಟಕಿ ಕಿಟಕಿಯಲ್ಲೂ ಜನ ನಿಂತು ನಕ್ಕರು. ಹೀಟರ್ ರಿಪೇರಿಯಾಯಿತು. ಬೆನ್ನಿಗೇ ಮಾವನಿಗೆ ನೋಟಿಸ್ ಬಂತು: ಕಟ್ಟಡ ನೋಡಿಕೊಳ್ಳುವ ಹೌಸ್‌ಮೈಸ್ಟರನನ್ನು ಮೆಟ್ಟಿಲಿಂದ ತಳ್ಳಿದ್ದೀರಿ, ಮನೆ ಖಾಲಿ ಮಾಡಿ.

ಹೌಸ್‌ಮೈಸ್ಟರ ಬಿದ್ದಾಗ ಅವರಿಬ್ಬರನ್ನು ಬಿಟ್ಟರೆ ಮೆಟ್ಟಿಲ ಮೇಲೆ ಇದ್ದವನು ನನ್ನ ಗೆಳೆಯ ಒಬ್ಬನೇ. ಆ ಸಂಜೆಯೇ ನನಗೆ ಹೇಳಿದ್ದ, "ಮಾವ ಮುಟ್ಟಲೇ ಇಲ್ಲ ಮಾರಾಯ, ಅವನೇ ಜಾರಿ ಬಿದ್ದದ್ದು."

ಮಾವ ಮನೆ ಬಿಡಲಿಲ್ಲ, ಮಾಲೀಕ ಕೋರ್ಟಿಗೆ ಹೋದ. ಅಲ್ಲಿ ಗೆಳೆಯನ ಅದೇ ಬಾಯಿ, "ತಳ್ಳಿದ್ದನ್ನು ಕಣ್ಣಾರೆ ಕಂಡೆ" ಎಂದಿತು. ನಾನೆದ್ದು ನಿಜ ಹೇಳಿದೆ. ನೀವು ಅಲ್ಲಿರಲಿಲ್ಲವಲ್ಲ ಎಂದರು ನ್ಯಾಯಾಧೀಶರು. ಮಾವ ಕೇಸು ಸೋತರು, ಮನೆ ಹೋಯಿತು.

ಹೊರಗೆ ಗೆಳೆಯನ ಕೊರಳಪಟ್ಟಿ ಹಿಡಿದೆ. "ಯಾಕೆ ಹಾಗೆ ಹೇಳಿದ್ದು ನೀನು?"

"ಹೆಂಡತಿ ಬರ್ತಾಳೆ ಮಾರಾಯ. ಮೇಲಿನ ದೊಡ್ಡ ಮನೆ ನನಗೇ ಕೊಡ್ತೇನೆ ಅಂತ ಮಾಲೀಕ ಹೇಳಿದ್ದಾನೆ. ಇಲ್ಲಿ ಮನೆ ಸಿಗುವ ಕಷ್ಟ ನಿನಗೆ ಗೊತ್ತಿಲ್ವಾ?"

ಗೊತ್ತಿತ್ತು. ಮನೆ ಹುಡುಕಿ ನಾನೂ ಚಪ್ಪಲಿ ಸವೆಸಿದವನೇ. ಆದರೂ ಉಂಡ ಮನೆಗೆ ಎರಡು ಬಗೆಯುವುದೇ? ಅವನೊಡನೆ ಇಂದಿಗೂ ಮಾತಿಲ್ಲ.

ಮಾವ ದೂರದ ಊರಿನಲ್ಲಿ ಒಂದು ಕೋಣೆ ಹಿಡಿದರು. ಸುಕ್ಕ ಮಾಡಿ ಡಬ್ಬಿಗೆ ತುಂಬಿಕೊಂಡು ರೈಲಿನಲ್ಲಿ ಹೋದೆ. ಅವರ ಬಾಗಿಲ ಮುಂದೆ ನಿಂತು ಅಮ್ಮನಿಗೆ ಫೋನ್ ಮಾಡಿ, ತಲುಪಿದೆ ಎನ್ನುತ್ತಿದ್ದಾಗಲೇ ಬಾಗಿಲು ತೆರೆಯಿತು. ಒಳಗೆ ಕರೆಯಲಿಲ್ಲ.

"ನೀನು ನನ್ನ ಪರ ನಿಂತೆ, ಮರೆಯುವುದಿಲ್ಲ" ಎಂದರು. "ಆದರೆ ಇನ್ನು ಬರಬೇಡ ಮಗನೇ. ಈಗ ನೀನು ನಿನ್ನ ಭಾಷೆಯಲ್ಲಿ ಮಾತಾಡಿದೆಯಲ್ಲ, ನನಗೆ ಅವನ ದನಿಯೇ ಕೇಳಿತು."

ನಾನೇನು ತಪ್ಪು ಮಾಡಿದ್ದೆ? ಡಬ್ಬಿಯನ್ನು ಹೊಸ್ತಿಲ ಬಳಿ ಇಟ್ಟು ಬಂದೆ. ರೈಲಿನಲ್ಲಿ ಅಳು ತಡೆಯಲಾಗಲಿಲ್ಲ.

ಈ ವಸಂತದಲ್ಲಿ ಅವರು ತೀರಿಕೊಂಡರು. ಬರಬೇಡ ಎಂದಿದ್ದರೂ ಮಣ್ಣಿಗೆ ಹೋದೆ. ಎಲ್ಲರ ಹಿಂದೆ ನಿಂತು, ಸರದಿ ಬಂದಾಗ ಒಂದು ಹಿಡಿ ಮಣ್ಣು ಹಾಕಿದೆ. ಅಷ್ಟರಲ್ಲಿ ಜೇಬಿನಲ್ಲಿ ಫೋನ್ ನಡುಗತೊಡಗಿತು, ಅಮ್ಮನದು. ಸ್ಮಶಾನದ ಗೇಟು ದಾಟಿ ರಸ್ತೆಗೆ ಬರುವವರೆಗೂ ನಾನದನ್ನು ಎತ್ತಲಿಲ್ಲ.