ಗ್ರಹ ಬರುವ ಮುಂಚಿನ ಹಸಿರು ಬಳೆ

ಪ್ರಪಂಚ ಮುಳುಗುವುದು ಶುಕ್ರವಾರ, ಕುಬಸ ಮಾತ್ರ ಗುರುವಾರದೊಳಗೇ ಬೇಕು. ಅದೂ ಒಳಗೆ ಅಸ್ತರ್ ಬಟ್ಟೆ ಹಚ್ಚಿಯೇ ಆಗಬೇಕು. 2012ರ ಡಿಸೆಂಬರ್‌ನಲ್ಲಿ ಬೆಟಗೇರಿಯ ನಮ್ಮ ಓಣಿಯ ಹೆಂಗಸರೆಲ್ಲ ನನ್ನ ಹೊಲಿಗೆ ಮಷಿನ್ನಿನ ಮುಂದೆ ಬಂದು ನಿಂತು ಹೀಗೇ ಹಟ ಹಿಡಿಯುತ್ತಿದ್ದರು. ಮುಳುಗಿ ಹೋಗುವ ಪ್ರಪಂಚಕ್ಕೆ ಅಸ್ತರ್ ಯಾಕೆ ಎಂದು ನಾನು ರೇಗಿದರೆ, ಒಂದು ವೇಳೆ ಮುಳುಗದೆ ಹೋದರೆ ಸಂಕ್ರಾಂತಿಗಾದರೂ ತೊಡಬಹುದಲ್ಲ ಎನ್ನುತ್ತಿದ್ದರು. ಅವರ ಲೆಕ್ಕ ಅವರಿಗೆ ಸರಿಯಾಗಿಯೇ ಇತ್ತು.

ಮುಳುಗಿಸಲು ಬರುತ್ತಿದ್ದದ್ದು ಒಂದು ಗ್ರಹವಂತೆ. ಯಾರೂ ಇನ್ನೂ ಕಂಡುಹಿಡಿಯದ ಗ್ರಹ. ಇಷ್ಟು ದಿನ ಸೂರ್ಯನ ಹಿಂದೆ ಅಡಗಿ ಕೂತಿತ್ತಂತೆ, ಈಗ ನೆಟ್ಟಗೆ ಭೂಮಿಯ ಕಡೆ ಹೊರಟಿದೆಯಂತೆ. ಬಾಜೂ ಮನೆಯಾಕೆಯ ಟಿವಿಯಲ್ಲಿ ಸಂಜೆಯಾದರೆ ಸಾಕು, ಒಂದು ಕೆಂಪು ಗುಂಡು ಸರ್ರನೆ ಬಂದು ನೀಲಿ ಗುಂಡಿಗೆ ಬಡಿಯುವುದು, ಸಮುದ್ರ ಎದ್ದು ನಿಲ್ಲುವುದು, ಎದೆ ನಡುಗುವ ಹಾಗೆ ಬಾಜಾ ಬಾರಿಸುವುದು. ದಿನವೂ ಒಂದೇ ಕಡೆಯಿಂದ ಬಂದು ಒಂದೇ ಜಾಗಕ್ಕೆ ಬಡಿಯುವ ಆ ಗುಂಡನ್ನು ನೋಡಿ ನೋಡಿ ನನಗೆ ನಗು ಬರುತ್ತಿತ್ತು. ಹಾಗಂತ ನೋಡಲು ಹೋಗುವುದನ್ನು ಬಿಡಲಿಲ್ಲ. ನನ್ನ ಮನೆಯಲ್ಲಿ ಮಾತಾಡುವವರು ಯಾರಿದ್ದರು? ಗ್ರಹದ ನೆಪದಲ್ಲಿ ಒಂದು ತಾಸು ನಾಲ್ಕು ಮಂದಿಯ ನಡುವೆ ಕೂತು ಬರುತ್ತಿದ್ದೆ.

ಟಿವಿಯವರು ಹೇಳಿದ್ದು ಗ್ರಹದ ಸುದ್ದಿ ಮಾತ್ರ. ಪರಿಹಾರ ಹುಟ್ಟಿದ್ದು ನಮ್ಮ ಕಡೆಯೇ. ಆಕಾಶದಲ್ಲಿ ಏನೇ ಆಗಲಿ, ನಮ್ಮ ಊರುಗಳಲ್ಲಿ ಅದು ಕಡೆಗೆ ಬಂದು ನಿಲ್ಲುವುದು ಅಣ್ಣತಮ್ಮಂದಿರ ತಲೆಯ ಮೇಲೆ. ಗ್ರಹ ಬರುವುದರೊಳಗೆ ಗಂಡಾಗಿ ಹುಟ್ಟಿದವರೆಲ್ಲ ತಮ್ಮ ಅಕ್ಕತಂಗಿಯರಿಗೆ ಹಸಿರು ಬಳೆ ಇಡಿಸಬೇಕು, ಕುಬಸಕ್ಕೆ ಖಣ ಕೊಡಬೇಕು, ಇಲ್ಲದಿದ್ದರೆ ಕೊಡದವನಿಗೆ ಕೇಡು ಎಂದು ಮಾತು ಹಬ್ಬಿತು. ಮುಂಡರಗಿಯವರು ಇದು ಲಕ್ಷ್ಮೇಶ್ವರದಿಂದ ಬಂತು ಎನ್ನುತ್ತಿದ್ದರು, ಲಕ್ಷ್ಮೇಶ್ವರದವರು ಮುಂಡರಗಿಯ ಕಡೆ ಬೆರಳು ತೋರಿಸುತ್ತಿದ್ದರು. ಅಂತೂ ಅಣ್ಣಂದಿರು ಬರತೊಡಗಿದರು. ಅಂತೂರ ಬೆಂತೂರಿನಿಂದ ಹತ್ತಿ ಬಿಡಿಸುವುದನ್ನು ಬಿಟ್ಟು ಒಬ್ಬ ಬಂದ, ನಾಗಾವಿಯಿಂದ ಇಬ್ಬರು ಒಂದೇ ಮೋಟಾರ್ ಸೈಕಲ್ಲಿನಲ್ಲಿ ಬಂದರು. ವರ್ಷಗಟ್ಟಲೆ ಮುಖ ತೋರಿಸದವರೂ ಖಣದ ಪೊಟ್ಟಣ ಬಗಲಲ್ಲಿಟ್ಟುಕೊಂಡು ಮನೆ ಹುಡುಕುತ್ತ ಬಂದರು.

ನಮ್ಮ ಓಣಿಗೆ ಬಳೆ ಇಡಿಸಲು ಬರುತ್ತಿದ್ದ ಚಾಚಾನಿಗೆ ಆ ವಾರ ಊಟಕ್ಕೂ ಪುರುಸೊತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು ಒಬ್ಬೊಬ್ಬರ ಕೈಯನ್ನೂ ಹಿಟ್ಟು ನಾದಿದ ಹಾಗೆ ನಾದಿ, ಹಸಿರು ಗಾಜಿನ ಬಳೆ ಏರಿಸುತ್ತಿದ್ದ. ನಾನು ಬಾಗಿಲಲ್ಲಿ ಕೂತು ಗುಂಡಿ ಹಚ್ಚುತ್ತ ನೋಡುತ್ತಿದ್ದೆ. ನನ್ನನ್ನು ಯಾರೂ ಕರೆಯಲಿಲ್ಲ. ಬಾಜೂ ಮನೆಯಾಕೆ ಹೊಸ ಬಳೆಯ ಕೈಯನ್ನು ಮುಂದೆ ಚಾಚಿ ನೋಡಿಕೊಳ್ಳುತ್ತ, ಒಳ್ಳೆಯ ಮನಸ್ಸಿನಿಂದಲೇ, "ನಿನಗ ಇದರ ಗೊಡವಿನ ಇಲ್ಲ ಬಿಡವ್ವಾ, ಆರಾಮ ಅದೀ," ಎಂದಳು.

ಗಂಡ ಸತ್ತವಳಿಗೆ ಹಸಿರು ಬಳೆ ಎಲ್ಲಿಯದು? ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಆ ಹೊತ್ತಿಗೆ ನನಗೆ ಅವಳ ಕೈಯನ್ನು ಹಿಡಿದು ಕಟ್ಟೆಗೆ ಅಪ್ಪಳಿಸಬೇಕು ಎನ್ನಿಸುವಷ್ಟು ಹೊಟ್ಟೆ ಉರಿಯಿತು. ಬಳೆಯ ಆಸೆಯಿಂದಲ್ಲ. ನನಗೂ ಒಬ್ಬ ತಮ್ಮ ಇದ್ದ, ಅವನು ಬರುವುದಿಲ್ಲ ಎನ್ನುವುದಕ್ಕೆ.

ಧಾರವಾಡದಿಂದ ಗದಗ ಜಿಲ್ಲೆ ಬೇರೆಯಾದ ವರ್ಷವೇ ನಾನು ಕುರ್ತಕೋಟಿಯಿಂದ ಮದುವೆಯಾಗಿ ಬೆಟಗೇರಿಗೆ ಬಂದವಳು. ಅಪ್ಪ ಅವ್ವ ಬೇಗ ಹೋದರು. ನನ್ನ ಬೆನ್ನಿಗೆ ಬಿದ್ದ ತಮ್ಮನೊಬ್ಬನೇ ಉಳಿದ, ಅವನೇ ನನ್ನ ತವರು. ಓದಿ ಮುಂಡರಗಿಯ ಕಡೆಯ ಶಾಲೆಯೊಂದರಲ್ಲಿ ವಿಜ್ಞಾನದ ಮಾಸ್ತರನಾದ. ನಾಗರ ಪಂಚಮಿಗೆ ತವರಿಗೆ ಕರೆಯಲು ತಪ್ಪದೆ ಬರುತ್ತಿದ್ದ. ಆಮೇಲೆ ಒಂದು ಸಲ ಜ್ವರವೆಂದು ದವಾಖಾನೆಗೆ ಹೋದ ನನ್ನ ಗಂಡ ಹೆಣವಾಗಿ ಮನೆಗೆ ಬಂದ. ಬಳೆ ಒಡೆಯಲು ಓಣಿಯ ಮುದುಕಿಯರು ನನ್ನನ್ನು ನಡುಮನೆಯಲ್ಲಿ ಕೂರಿಸಿದಾಗ, ಗಂಡಸರು ಬರಬಾರದ ಆ ಜಾಗಕ್ಕೆ ನನ್ನ ತಮ್ಮ ನುಗ್ಗಿ ಬಂದ. ನನ್ನ ಎರಡೂ ಕೈಗಳನ್ನು ಬಳೆಯ ಸಮೇತ ಮುಷ್ಟಿಯಲ್ಲಿ ಹಿಡಿದುಕೊಂಡು, ಬಳೆಗೂ ಸಾವಿಗೂ ಏನು ಸಂಬಂಧ, ಒಡೆಯಗೊಡುವುದಿಲ್ಲ ಎಂದು ಕೂಗಾಡಿದ. ಆ ಹೊತ್ತಿನಲ್ಲಿ ನನಗೆ ಭಾಷಣ ಬೇಕಾಗಿರಲಿಲ್ಲ. ಗಂಡನ ಜೊತೆಗೇ ಎಲ್ಲವೂ ಹೋಗಲಿ ಎನ್ನಿಸಿತ್ತು. ಕೈ ಕಿತ್ತುಕೊಂಡು ಮುದುಕಿಯರ ಮುಂದೆ ನಾನೇ ಚಾಚಿದೆ. ಅವನು ಮಣ್ಣು ಮಾಡುವವರೆಗೂ ನಿಲ್ಲದೆ ಹೊರಟುಹೋದ. ಆಮೇಲೆ ಎಷ್ಟು ಪಂಚಮಿ ಬಂದವೋ, ಅವನು ಬರಲಿಲ್ಲ. ಕರೆಯದೆ ತವರಿಗೆ ಹೋಗುವವಳು ನಾನಲ್ಲ.

ಈಗ ಗ್ರಹದ ಗದ್ದಲ ಎದ್ದ ಮೇಲೆ ಅವನ ಸುದ್ದಿ ಎಲ್ಲ ಕಡೆಯಿಂದ ಬರತೊಡಗಿತು. ಅಂಥ ಗ್ರಹವೇ ಇಲ್ಲ, ಹೆದರಬೇಡಿ ಎಂದು ಊರೂರಿಗೆ ಹೋಗಿ ಭಾಷಣ ಮಾಡುತ್ತಿದ್ದನಂತೆ. ಲಕ್ಷ್ಮೇಶ್ವರದಲ್ಲಿ ಮಾಡಿದ, ಅಂತೂರ ಬೆಂತೂರಿನಲ್ಲಿ ಮಾಡಿದ, ನಾಗಾವಿಗೂ ಬಂದು ಹೋದ. ಗದಗ ಬೆಟಗೇರಿಯನ್ನು ಮಾತ್ರ ಸುತ್ತು ಹಾಕಿ ದಾಟುತ್ತಿದ್ದ. ಯಾಕೆಂದು ನನಗೆ ಗೊತ್ತಿತ್ತು. ಮುಂದಿನ ಭಾಷಣ ರವಿವಾರ ಶಿರಹಟ್ಟಿಯಲ್ಲಿ ಎಂದು ಕೇಳಿದ್ದೇ ತಡ, ಹೊಲಿಯಬೇಕಾದ ಕುಬಸಗಳನ್ನೆಲ್ಲ ಮೂಟೆ ಕಟ್ಟಿಟ್ಟು ಬಸ್ಸು ಹತ್ತಿದೆ. ಹೋಗಿ ಏನು ಮಾಡುತ್ತೇನೆ ಎಂದು ಬಸ್ಸಿನಲ್ಲಿ ಕೂತ ಮೇಲೂ ಗೊತ್ತಿರಲಿಲ್ಲ.

ಶಿರಹಟ್ಟಿಯ ಶಾಲೆಯ ದೊಡ್ಡ ಕೋಣೆ ತುಂಬಿತ್ತು. ನಾನು ಹಿಂದೆ ಹೆಂಗಸರ ನಡುವೆ ಸೆರಗು ಹೊದ್ದು ಕೂತೆ. ತಮ್ಮನಿಗೆ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಟೇಬಲ್ಲಿನ ಮೇಲೆ ಒಂದು ಬಲ್ಬು ಹಚ್ಚಿಟ್ಟು ಅದನ್ನೇ ಸೂರ್ಯ ಮಾಡಿದ್ದ, ಲಿಂಬೆಹಣ್ಣು ಹಿಡಿದು ಭೂಮಿ ಎನ್ನುತ್ತಿದ್ದ. ಶುಕ್ರವಾರ ಬಂದು ಬಡಿಯುವ ಗ್ರಹವಾದರೆ ಈ ಹೊತ್ತಿಗೆ ಬರಿಗಣ್ಣಿಗೆ ಚಂದ್ರನಂತೆ ಕಾಣಬೇಕಿತ್ತಲ್ಲ, ನಮ್ಮ ಎರೆಹೊಲದ ದಾರಿಯಲ್ಲಿ ಬಸ್ಸು ಬರುವುದಾದರೂ ಧೂಳು ಮೊದಲೇ ಕಾಣುತ್ತದಲ್ಲ ಎಂದ. ಜನ ತಲೆಯಾಡಿಸಿದರು. ಆಮೇಲೆ, ಕಣ್ಣಿಗೆ ಕಾಣದ ಗ್ರಹ ಇದೆಯೋ ಇಲ್ಲವೋ ಹೇಗೆ ತಿಳಿಯುತ್ತದೆ ಎಂದು ವಿವರಿಸಿದ. ಕಾಣುವ ಗ್ರಹವೊಂದು ತನ್ನ ದಾರಿ ಬಿಟ್ಟು ತುಸು ಓರೆಯಾಗಿ ನಡೆದರೆ, ಅದನ್ನು ಎಳೆಯುವ ಇನ್ನೊಂದು ಅಲ್ಲೆಲ್ಲೋ ಇದೆ ಎಂದು ಅರ್ಥವಂತೆ. ಹಿಂದೆ ದೂರದ ಗ್ರಹವೊಂದನ್ನು ಹಾಗೆಯೇ ಹಿಡಿದರಂತೆ. ಬೆಟಗೇರಿಯನ್ನು ಸುತ್ತು ಹಾಕಿ ಹೋಗುವ ಅವನ ದಾರಿ ನನಗೆ ನೆನಪಾಯಿತು. ಅದರ ಹಿಂದೆಯೇ ಸಿಟ್ಟೂ ಬಂತು, ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ.

ಕೇಳುವುದಿದ್ದರೆ ಕೇಳಿರಿ ಎಂದು ಅವನು ಹೇಳಿದಾಗ ನಾನು ಎದ್ದು ನಿಂತೆ.

"ಸರ್, ನಿಮಗ ಅಕ್ಕ ತಂಗೇರು ಅದಾರೇನ್ರಿ?"

ಅವನ ಕೈ ಲಿಂಬೆಹಣ್ಣಿನ ಸಮೇತ ಅಲ್ಲೇ ನಿಂತಿತು. ನನ್ನನ್ನು ಗುರುತಿಸಿದ. ಆದರೂ ಗುರುತಿಸಿದ ಹಾಗೆ ತೋರಿಸಲಿಲ್ಲ.

"ಒಬ್ಬಾಕಿ ಅಕ್ಕ ಅದಾಳ್ರಿ."

"ಆಕಿಗೆ ಬಳಿ ಇಡಿಸೀರೇನ್ರಿ?"

ಮಾಸ್ತರ ಸಿಕ್ಕಿಬಿದ್ದ ಎಂದು ಸಭೆಯೆಲ್ಲ ನಕ್ಕಿತು. ಅವನು ನಗು ನಿಲ್ಲುವವರೆಗೆ ಕಾದು, ಮೆಲ್ಲಗೆ ಹೇಳಿದ.

"ಇದ್ದ ಬಳಿ ಒಡಿಬ್ಯಾಡ್ರಿ ಅಂತ ಆಕಿ ಕೈ ಹಿಡಕೊಂಡಿದ್ದೆ. ಬಿಡಿಸ್ಕೊಂಡು ಒಡಿಸ್ಕೊಂಡ್ಲು. ಇನ್ನ ನಾ ಏನ್ ಇಡಿಸ್ಲಿ, ನೀವ ಹೇಳ್ರಿ."

ಪಕ್ಕದಲ್ಲಿ ಕೂತಿದ್ದ ಹೆಂಗಸು ಪಾಪ ಎಂದು ಲೊಚಗುಟ್ಟಿದಳು, ಯಾರಿಗೆ ಅಂದಳೋ. ನಾನು ಸೆರಗು ಸರಿ ಮಾಡಿಕೊಂಡು ಹೊರಗೆ ಬಂದೆ. ಅವನು ಹಿಂದೆ ಬಂದಾನು ಎಂದು ಬಸ್ ಸ್ಟ್ಯಾಂಡಿನಲ್ಲಿ ಒಂದು ಗದಗಿನ ಬಸ್ಸನ್ನು ಬೇಕೆಂದೇ ಬಿಟ್ಟೆ. ಬರಲಿಲ್ಲ. ಮುಂದಿನ ಬಸ್ಸಿಗೆ ಹತ್ತಿದೆ.

ಶುಕ್ರವಾರ ಬಂತು. ಹೊಲಿಯಬೇಕಾದದ್ದೆಲ್ಲ ಹಿಂದಿನ ದಿನವೇ ಮುಗಿದಿತ್ತು. ಬಾಜೂ ಮನೆಯಲ್ಲಿ ಅಣ್ಣತಮ್ಮಂದಿರು, ಅವರ ಹೆಂಡಿರು ಮಕ್ಕಳು ಎಲ್ಲ ಸೇರಿ ಟಿವಿಯ ಮುಂದೆ ಕೂತಿದ್ದರು, ಏನಾದರೂ ಆದರೆ ಎಲ್ಲರೂ ಒಂದೇ ಕಡೆ ಇರೋಣ ಎಂದು. ಒಗ್ಗರಣೆಯ ವಾಸನೆ, ಮಕ್ಕಳ ಕೂಗು, ಬಳೆಯ ಸದ್ದು ಗೋಡೆ ದಾಟಿ ಬರುತ್ತಿತ್ತು. ಅವರ ನಡುವೆ ಹೋಗಿ ಕೂರಲು ನನಗೆ ಮನಸ್ಸಾಗಲಿಲ್ಲ. ಮಷಿನ್ನಿನ ಮುಂದೆ ಸುಮ್ಮನೆ ಕೂತೆ. ಮಧ್ಯಾಹ್ನದ ಬಿಸಿಲು ದಿನದ ಹಾಗೇ ಹೊಸ್ತಿಲು ದಾಟಿ ಒಳಗೆ ಬಂದಿತ್ತು. ನಿಜ ಹೇಳುತ್ತೇನೆ, ಗ್ರಹ ಸುಳ್ಳು ಎಂದು ಗೊತ್ತಿದ್ದವಳಿಗೂ ಆ ಹೊತ್ತು, ಬರಬಾರದೇ ಅದು, ಬಂದು ಬಡಿದು ಎಲ್ಲ ಮುಗಿಸಬಾರದೇ ಎನ್ನಿಸಿತು. ಅಷ್ಟು ಬೇಸರವಾಗಿತ್ತು. ಏನೂ ಆಗಲಿಲ್ಲ. ಸಂಜೆ ಬಾಜೂ ಮನೆಯಾಕೆ ಒಂದು ತಾಟಿನಲ್ಲಿ ಉಳಿದ ಮಂಡಕ್ಕಿ ಮಿರ್ಚಿ ಕೊಟ್ಟು ಹೋದಳು.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ನೆರಳು ಬಿದ್ದಾಗ ಕುಬಸದ ಗಿರಾಕಿ ಎಂದುಕೊಂಡೆ. ನನ್ನ ತಮ್ಮ ನಿಂತಿದ್ದ. ನಾನು ಕತ್ತರಿ ಕೆಳಗಿಡುವುದನ್ನೂ ಮರೆತೆ. ಅವನು ಒಳಗೆ ಬಂದು, ಪೇಪರಿನಲ್ಲಿ ಸುತ್ತಿದ ಪೊಟ್ಟಣವೊಂದನ್ನು ಮಷಿನ್ನಿನ ಮೇಲಿಟ್ಟ. ಬಿಚ್ಚಿದರೆ, ದಾರಕ್ಕೆ ಪೋಣಿಸಿದ ಒಂದು ಡಜನ್ ಹಸಿರು ಗಾಜಿನ ಬಳೆ.

"ಪ್ರಪಂಚೇನು ಮುಳುಗಲಿಲ್ಲ," ಎಂದ, ಬಳೆಯ ಕಡೆ ನೋಡುತ್ತ. "ನೀ ಬಳಿ ಇಟ್ಕೊಂಡ್ರೂ ಮುಳುಗೂದಿಲ್ಲ. ಇಟ್ಕೋ."

ನಿನ್ನೆಯೇ ತಂದಿದ್ದರೆ ಗ್ರಹಕ್ಕೆ ಹೆದರಿ ತಂದ ಹಾಗಾಗುತ್ತಿತ್ತು, ಅದಕ್ಕೇ ಒಂದು ದಿನ ತಡೆದ ಎಂದು ನನಗೆ ತಿಳಿಯಿತು. ಆ ಹಟ ಚಿಕ್ಕಂದಿನಿಂದಲೂ ಇದ್ದದ್ದೇ. ಲೇ, ಕುಂಡ್ರು ಎಂದೆ. ಕೂತ. ಚಹಾ ಮಾಡಿಕೊಟ್ಟೆ. ಕುಡಿದು ಮುಗಿಸುವವರೆಗೂ ಒಮ್ಮೆಯೂ ಅವನ ಬಾಯಲ್ಲಿ ಅಕ್ಕ ಎಂದು ಬರಲಿಲ್ಲ. ಶಾಲೆಗೆ ಹೊತ್ತಾಯಿತು ಎಂದು ಎದ್ದಾಗ, ಈಗಲೇ ಇಟ್ಟುಕೊಂಡು ತೋರಿಸು ಎನ್ನುವ ಹಾಗೆ ಪೊಟ್ಟಣದ ಕಡೆ ನೋಡಿದ. ಗಾಜಿನ ಬಳೆ ಇಡಿಸುವುದು ಬಳೆಗಾರನ ಕೈಯ ಕೆಲಸ, ಚಾಚಾ ಬಂದಾಗ ಇಡಿಸಿಕೊಳ್ಳುತ್ತೇನೆ ಎಂದೆ. ಬಾಗಿಲಿಗೆ ತೂಗುಹಾಕಿದ ಹೊಲಿಗೆಯ ಬೋರ್ಡಿನ ಮೇಲಿದ್ದ ನನ್ನ ಫೋನ್ ನಂಬರನ್ನು ತನ್ನ ಮೊಬೈಲಿಗೆ ಹಾಕಿಕೊಂಡು ಹೋದ.

ಮಧ್ಯಾಹ್ನ ಚಾಚಾ ಬಂದ. ಓಣಿಯಲ್ಲಿ ಎಲ್ಲರೂ ನೋಡಲಿ ಎಂದು ನಾನು ಕಟ್ಟೆಯ ಮೇಲೆಯೇ ಕೂತು, ತಮ್ಮ ತಂದದ್ದು ಎಂದು ಬಳೆ ಕೊಟ್ಟು ಕೈ ಚಾಚಿದೆ. ಗಂಡ ಸತ್ತವಳ ಕೈ ಎಂದು ಅವನು ಹಿಂದೆ ಮುಂದೆ ನೋಡಲಿಲ್ಲ. ಬಳೆಯನ್ನು ನೋಡಿದ, ನನ್ನ ಕೈಯನ್ನು ನೋಡಿದ, ಬಳೆಯನ್ನು ಕೆಳಗಿಟ್ಟ.

"ಇವು ನಿನಗ ಆಗೂದಿಲ್ಲವ್ವಾ. ಯಾರ ಕೈ ನೋಡಿ ತಂದಾನ?"

ಯಾರ ಕೈ ಎಂದು ನನಗೆ ಗೊತ್ತಾಯಿತು. ತಮ್ಮ ಅಂದು ನಡುಮನೆಯಲ್ಲಿ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ ಕೈಯ ಅಳತೆ ಅದು. ಆ ಸಣ್ಣ ಕೈ ಆಮೇಲೆ ಮಷಿನ್ ತಿರುಗಿಸಿ, ಕತ್ತರಿ ಹಿಡಿದು ದಪ್ಪವಾಗಿದ್ದನ್ನು ಅವನು ನೋಡಿರಲಿಲ್ಲ. ಇದೇ ಬಣ್ಣದ, ದೊಡ್ಡ ಅಳತೆಯವು ತನ್ನ ಹತ್ತಿರ ಇವೆ, ಬದಲಿಸಿ ಕೊಡುತ್ತೇನೆ ಎಂದು ಚಾಚಾ ಹೇಳಿದ. ಬೇಡ, ಇವನ್ನೇ ಇಡಿಸು ಎಂದು ಗದರಿದೆ. ಸೋಪು ಹಚ್ಚಿ ಒಂದನ್ನು ಏರಿಸಲು ನೋಡಿದ. ಗೆಣ್ಣಿನ ಹತ್ತಿರ ಬಂದು ಚಟ್ ಎಂದು ಒಡೆಯಿತು, ಚೂರು ತಾಗಿ ರಕ್ತ ಬಂತು. ಇನ್ನೊಂದಕ್ಕೆ ಅವನು ಕೈ ಹಾಕಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ಉಳಿದವನ್ನು ದಾರಕ್ಕೆ ಪೋಣಿಸಿ ನನ್ನ ಉಡಿಯಲ್ಲಿ ಹಾಕಿ ಎದ್ದ.

ಸಂಜೆ ಫೋನು ಬಂತು.

"ಇಟ್ಕೊಂಡಿ?" ಎಂದ ತಮ್ಮ.

"ಹೂಂ."

"ಖರೆ?"

ಮಷಿನ್ನಿನ ಮೇಲಿದ್ದ ಬಳೆಯ ಸರವನ್ನು ಕೈಗೆ ತೆಗೆದುಕೊಂಡು ಫೋನಿನ ಹತ್ತಿರ ಹಿಡಿದು ಅಲ್ಲಾಡಿಸಿದೆ. ಘಲ್ ಘಲ್ ಎಂದವು.

"ಕೇಳ್ತು, ಅಕ್ಕಾ," ಎಂದ.

ಅವನು ಫೋನು ಇಟ್ಟ ಮೇಲೂ ನಾನು ಒಬ್ಬಳೇ ಕೂತು ಅವನ್ನು ಅಲ್ಲಾಡಿಸುತ್ತಲೇ ಇದ್ದೆ.